ಉತ್ತರ ಪ್ಯಾಸೇಜ್‌ನಲ್ಲೇ ಇದೆ: ಜಿಇಡಿ ಪರೀಕ್ಷೆಗೆ ಓದುವ ಅಭ್ಯಾಸ ಹೇಗೆ?

ಅಮೆರಿಕದಲ್ಲಿ ಕೆಲಸ ಹುಡುಕುವವರಿಗೆ ಒಂದು ಸಾಲು ಮತ್ತೆ ಮತ್ತೆ ಎದುರಾಗುತ್ತದೆ. "ಹೈಸ್ಕೂಲ್ ಡಿಪ್ಲೊಮಾ ಅಥವಾ ಅದಕ್ಕೆ ಸಮಾನವಾದ ಪ್ರಮಾಣಪತ್ರ ಇರಬೇಕು." ಅಂಗಡಿಯ ಸೂಪರ್‌ವೈಸರ್ ಕೆಲಸಕ್ಕೂ ಇದು ಬೇಕು, ಆಸ್ಪತ್ರೆಯ ಸಹಾಯಕರ ತರಬೇತಿಗೂ ಬೇಕು, ಕಾಲೇಜಿಗೆ ಸೇರುವುದಕ್ಕೂ ಬೇಕು.

ಅಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೆಚ್ಚಿನವರು ಡಿಗ್ರಿ ಮುಗಿಸಿಯೇ ಹೋದವರು. ಅವರಿಗೆ ಈ ಸಾಲು ಕಣ್ಣಿಗೇ ಬೀಳುವುದಿಲ್ಲ. ಆದರೆ ಎಲ್ಲರ ಕಥೆ ಹಾಗಿಲ್ಲ. ಅಣ್ಣನೋ ಅಕ್ಕನೋ ಹಾಕಿದ ಗ್ರೀನ್ ಕಾರ್ಡ್ ಅರ್ಜಿ ಹತ್ತಾರು ವರ್ಷ ಕಾದು ಕೈಗೆ ಬರುವ ಹೊತ್ತಿಗೆ ವಯಸ್ಸು ನಲವತ್ತು ದಾಟಿರುತ್ತದೆ. ಶಾಲೆ 9ನೇ ತರಗತಿಗೋ ಎಸ್ಸೆಸ್ಸೆಲ್ಸಿಗೋ ನಿಂತಿರುತ್ತದೆ. ಪಿಯುಸಿ ಅರ್ಧಕ್ಕೆ ಬಿಟ್ಟು ಅಪ್ಪ ಅಮ್ಮನ ಜೊತೆ ಹೊರಟ ಹುಡುಗ ಹುಡುಗಿಯರೂ ಇದ್ದಾರೆ. ಇಂಥವರಿಗೆ ಇರುವ ದಾರಿಗಳಲ್ಲಿ ಮುಖ್ಯವಾದದ್ದು ಜಿಇಡಿ, ಅಂದರೆ ಪಾಸಾದರೆ ಆ ಸಮಾನ ಪ್ರಮಾಣಪತ್ರ ಸಿಗುವ ಪರೀಕ್ಷೆ. ಅದರಲ್ಲಿ ತುಂಬಾ ಜನರನ್ನು ಹೆದರಿಸುವುದು ಓದಿ ಅರ್ಥಮಾಡಿಕೊಳ್ಳುವ ಭಾಗ.

ಏನಿದು ಜಿಇಡಿ?

ಮೊದಲು ಒಂದು ಗೊಂದಲ ಕಳೆದುಕೊಳ್ಳೋಣ. ನಮ್ಮಲ್ಲಿ ಹೈಸ್ಕೂಲ್ ಅಂದರೆ 10ನೇ ತರಗತಿಗೆ ಮುಗಿಯಿತು. ಅಮೆರಿಕದಲ್ಲಿ ಅದು 12ನೇ ತರಗತಿಯವರೆಗೂ ಇರುತ್ತದೆ. ಹಾಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇದ್ದರೆ ಸಾಮಾನ್ಯವಾಗಿ ಸಾಲುವುದಿಲ್ಲ. ದ್ವಿತೀಯ ಪಿಯುಸಿ ಪಾಸಾಗಿದ್ದರೆ ಮಾತ್ರ ಈ ಪರೀಕ್ಷೆಗೆ ಓಡುವ ಮೊದಲು ಆ ಅಂಕಪಟ್ಟಿಯನ್ನೇ ಮೌಲ್ಯಮಾಪನ ಸಂಸ್ಥೆಯೊಂದಕ್ಕೆ ಕಳಿಸಿ ಸಮಾನತೆಯ ವರದಿ ಪಡೆಯಬಹುದು. ಎಷ್ಟೋ ಜನರಿಗೆ ಅಷ್ಟರಲ್ಲೇ ಕೆಲಸ ಆಗುತ್ತದೆ.

ಜಿಇಡಿ ಶುರುವಾದದ್ದು 1942ರಲ್ಲಿ. ಎರಡನೇ ಮಹಾಯುದ್ಧಕ್ಕೆ ಹೋಗಿ ಶಾಲೆ ತಪ್ಪಿಸಿಕೊಂಡ ಸೈನಿಕರಿಗಾಗಿ ಇದನ್ನು ರೂಪಿಸಿದರು. ಆಮೇಲೆ ಸಾಮಾನ್ಯ ಜನರಿಗೂ ತೆರೆದರು. 2014ರಲ್ಲಿ ಪರೀಕ್ಷೆ ಪೂರ್ತಿ ಬದಲಾಯಿತು, ಕಂಪ್ಯೂಟರಿನ ಮೇಲೆ ಬರೆಯುವುದಾಯಿತು. ಈಗ ನಾಲ್ಕು ವಿಷಯಗಳಿವೆ: ಗಣಿತ, ಭಾಷೆ, ಸಮಾಜ ವಿಜ್ಞಾನ, ವಿಜ್ಞಾನ. ಪ್ರತಿ ವಿಷಯದ ಅಂಕ 100ರಿಂದ 200ರ ನಡುವೆ ಬರುತ್ತದೆ. ಪಾಸಾಗಲು 145 ಬೇಕು. ಮೊದಲು 150 ಇತ್ತು, 2016ರಲ್ಲಿ ಇಳಿಸಿದರು. ನಾಲ್ಕನ್ನೂ ಒಂದೇ ಸಲ ಬರೆಯಬೇಕಿಲ್ಲ. ಒಂದೊಂದಾಗಿ, ಸಿದ್ಧವಾದ ಹಾಗೆ ಬರೆಯಬಹುದು.

ಕೆಲವು ರಾಜ್ಯಗಳಲ್ಲಿ ಹೈಸೆಟ್ ಎಂಬ ಇನ್ನೊಂದು ಪರೀಕ್ಷೆಯೂ ನಡೆಯುತ್ತದೆ. ಅದರಲ್ಲಿ ಓದು ಮತ್ತು ಬರವಣಿಗೆ ಬೇರೆ ಬೇರೆ ಪತ್ರಿಕೆಗಳು. ನಿಮ್ಮ ರಾಜ್ಯದಲ್ಲಿ ಯಾವುದು ನಡೆಯುತ್ತದೆ, ವಯಸ್ಸಿನ ನಿಯಮ ಏನು ಎಂದು ಮೊದಲೇ ವಿಚಾರಿಸಿಕೊಳ್ಳಿ. ಓದುವ ಅಭ್ಯಾಸ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಭಾಷೆಯ ಪತ್ರಿಕೆಯಲ್ಲಿ ಏನು ಬರುತ್ತದೆ?

ಜಿಇಡಿಯ ಭಾಷಾ ಪತ್ರಿಕೆಯ ಹೆಸರು ರೀಸನಿಂಗ್ ಥ್ರೂ ಲ್ಯಾಂಗ್ವೇಜ್ ಆರ್ಟ್ಸ್. ಹೆಸರು ಉದ್ದ, ಒಳಗಿರುವುದು ಮೂರೇ: ಓದುವುದು, ವ್ಯಾಕರಣ ತಿದ್ದುವುದು, ಒಂದು ದೊಡ್ಡ ಉತ್ತರ ಬರೆಯುವುದು. ಒಟ್ಟು 150 ನಿಮಿಷ. ಅದರಲ್ಲಿ 45 ನಿಮಿಷ ಬರವಣಿಗೆಗೆ, 10 ನಿಮಿಷ ವಿರಾಮಕ್ಕೆ ಹೋಗುತ್ತದೆ.

ನಮ್ಮ ಶಾಲೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಅನ್‌ಸೀನ್ ಪ್ಯಾಸೇಜ್ ಅಂತ ಒಂದು ಬರುತ್ತಿತ್ತು, ನೆನಪಿದೆಯಲ್ವಾ? ಜಿಇಡಿಯಲ್ಲಿ ಎಲ್ಲವೂ ಅನ್‌ಸೀನ್. ಪಾಠಪುಸ್ತಕವೇ ಇಲ್ಲ. ಪ್ಯಾಸೇಜ್‌ಗಳು 400ರಿಂದ 900 ಪದಗಳಷ್ಟು ಉದ್ದ ಇರುತ್ತವೆ. ಸುಮಾರು ಮುಕ್ಕಾಲು ಭಾಗ ಮಾಹಿತಿ ಕೊಡುವ ಬರಹ: ಲೇಖನ, ಭಾಷಣ, ಕಚೇರಿಯ ಪತ್ರ, ಸೂಚನೆ. ಉಳಿದ ಕಾಲು ಭಾಗ ಕಥೆ ಕಾದಂಬರಿಯ ತುಣುಕು.

ಹೀಗಾಗಿ ಗೈಡ್ ಉರು ಹೊಡೆದು ಬರೆದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಪ್ರಶ್ನೋತ್ತರ ಬಾಯಿಪಾಠ ಮಾಡಿ ಮುಂದೆ ಬಂದವರಿಗೆ ಇದು ಮೊದಲಿಗೆ ಕಷ್ಟ ಅನ್ನಿಸುತ್ತದೆ. ಆದರೆ ಇದರಲ್ಲಿ ಒಂದು ದೊಡ್ಡ ಅನುಕೂಲ ಅಡಗಿದೆ. ಶಾಲೆ ಬಿಟ್ಟು ಇಪ್ಪತ್ತು ವರ್ಷ ಆಗಿದ್ದರೂ ಈ ಭಾಗದಲ್ಲಿ ನೀವು ಮರೆತ ಪಾಠ ಅಂತ ಯಾವುದೂ ಇಲ್ಲ. ಉತ್ತರಕ್ಕೆ ಬೇಕಾದದ್ದೆಲ್ಲ ನಿಮ್ಮ ಕಣ್ಣೆದುರಿನ ಪರದೆಯ ಮೇಲೇ ಇರುತ್ತದೆ.

ಸಮಾಜ ವಿಜ್ಞಾನ ಮತ್ತು ವಿಜ್ಞಾನದ ಪತ್ರಿಕೆಗಳೂ ಬಹುಮಟ್ಟಿಗೆ ಹೀಗೆಯೇ. ಒಂದು ಬರಹವನ್ನೋ ನಕ್ಷೆಯನ್ನೋ ಕೊಟ್ಟು, ಅದರ ಮೇಲೆ ಕೇಳುತ್ತಾರೆ. ಅಂದರೆ ಓದುವುದನ್ನು ಕಲಿತರೆ ಅದು ಒಂದೇ ಪತ್ರಿಕೆಗೆ ಆಗುವ ಲಾಭವಲ್ಲ.

ಒಂದು ಪ್ಯಾಸೇಜ್ ಓದಿ ನೋಡೋಣ

ಪರೀಕ್ಷೆಯ ಪ್ಯಾಸೇಜ್ ಇಂಗ್ಲಿಷ್‌ನಲ್ಲೇ ಇರುತ್ತದೆ. ಕ್ರಮ ಅರ್ಥವಾಗಲಿ ಎಂದು ಇಲ್ಲಿ ಕನ್ನಡದಲ್ಲೇ ಒಂದು ಚಿಕ್ಕ ಪ್ಯಾಸೇಜ್ ಕಟ್ಟಿದ್ದೇನೆ. ನಿಧಾನವಾಗಿ ಓದಿ.

"ತಡವಾಗಿ ವಾಪಸ್ ಕೊಟ್ಟ ಪುಸ್ತಕಕ್ಕೆ ದಂಡ ಹಾಕುವುದನ್ನು ನಮ್ಮೂರಿನ ಗ್ರಂಥಾಲಯ ಕಳೆದ ವರ್ಷ ನಿಲ್ಲಿಸಿತು. ದಂಡ ಇಲ್ಲದಿದ್ದರೆ ಪುಸ್ತಕಗಳು ವಾಪಸ್ ಬರುವುದೇ ಇಲ್ಲ ಎಂದು ಕೆಲವರು ಹೆದರಿದ್ದರು. ಆದದ್ದೇ ಬೇರೆ. ದಂಡ ಕಟ್ಟಬೇಕಲ್ಲ ಎಂದು ಇತ್ತ ತಲೆ ಹಾಕದೇ ಇದ್ದವರು ಹಳೆಯ ಪುಸ್ತಕ ಹಿಡಿದುಕೊಂಡು ಮತ್ತೆ ಬಂದರು. ಮಕ್ಕಳ ವಿಭಾಗದಲ್ಲಿ ಈಗ ಸಂಜೆ ಕೂರಲು ಜಾಗ ಸಿಗುವುದಿಲ್ಲ. ದಂಡದಿಂದ ಬರುತ್ತಿದ್ದ ಹಣ ನಿಂತಿದೆ, ನಿಜ. ಆದರೆ ಆ ಹಣ ವಸೂಲಿ ಮಾಡಲು ಸಿಬ್ಬಂದಿ ಕಳೆಯುತ್ತಿದ್ದ ಸಮಯ ಉಳಿದಿದೆ."

ಈಗ ಮೊದಲ ಪ್ರಶ್ನೆ. ಈ ಬರಹದ ಮುಖ್ಯ ಮಾತು, ಅಂದರೆ ಮೇನ್ ಐಡಿಯಾ, ಯಾವುದು?

ಅ) ಗ್ರಂಥಾಲಯಗಳು ಸಮಾಜಕ್ಕೆ ಬಹಳ ಮುಖ್ಯ.
ಆ) ಮಕ್ಕಳ ವಿಭಾಗದಲ್ಲಿ ಸಂಜೆ ಜನ ಜಾಸ್ತಿ.
ಇ) ದಂಡ ನಿಲ್ಲಿಸಿದಾಗ ಹೆದರಿದಂತೆ ಆಗಲಿಲ್ಲ, ಒಳ್ಳೆಯದೇ ಆಯಿತು.
ಈ) ಎಲ್ಲ ಗ್ರಂಥಾಲಯಗಳೂ ಕೂಡಲೇ ದಂಡ ನಿಲ್ಲಿಸಬೇಕು.

ಸರಿ ಉತ್ತರ ಇ. ಅದು ಹೇಗೂ ಗೊತ್ತಾಯಿತು. ಆದರೆ ಕಲಿಯಬೇಕಾದದ್ದು ಉಳಿದ ಮೂರು ಯಾಕೆ ತಪ್ಪು ಎಂಬುದನ್ನು. ಆಪ್ಷನ್ 'ಅ' ಲೋಕದಲ್ಲಿ ನಿಜವಾದ ಮಾತೇ, ಆದರೆ ತುಂಬಾ ದೊಡ್ಡದು. ಗ್ರಂಥಾಲಯದ ಬಗ್ಗೆ ಬರೆದ ಯಾವ ಬರಹಕ್ಕಾದರೂ ಅದು ಹೊಂದುತ್ತದೆ. ಆಪ್ಷನ್ 'ಆ' ಪ್ಯಾಸೇಜ್‌ನಲ್ಲೇ ಇದೆ, ಆದರೆ ಒಂದು ಸಾಲಿನ ವಿವರ ಅಷ್ಟೇ. ಆಪ್ಷನ್ 'ಈ' ಬರೆದವರ ಮನಸ್ಸಿನಲ್ಲಿ ಇದ್ದರೂ ಇರಬಹುದು, ಆದರೆ ಅವರು ಹಾಗೆ ಹೇಳಿಲ್ಲ. ಅವರು ಹೇಳಿದ್ದು ಒಂದೇ ಗ್ರಂಥಾಲಯದ ಸಂಗತಿ.

ತೀರಾ ವಿಶಾಲವಾದದ್ದು, ತೀರಾ ಚಿಕ್ಕದಾದದ್ದು, ಬರಹ ಹೇಳದೇ ಇರುವುದನ್ನು ಸೇರಿಸುವುದು. ತಪ್ಪು ಆಪ್ಷನ್‌ಗಳು ಹೆಚ್ಚಾಗಿ ಈ ಮೂರು ವೇಷದಲ್ಲಿ ಬರುತ್ತವೆ. ನಾಲ್ಕನೆಯ ವೇಷ ಅತಿಯಾದ ಮಾತು: "ಯಾವಾಗಲೂ", "ಎಲ್ಲರೂ", "ಎಂದಿಗೂ ಇಲ್ಲ". ಇಂಥ ಪದ ಕಂಡ ಕೂಡಲೇ ಆ ಆಪ್ಷನ್ ಬಿಟ್ಟುಬಿಡಬೇಕು ಅಂತಲ್ಲ. ಬರಹವೂ ಅಷ್ಟೇ ಖಡಾಖಂಡಿತವಾಗಿ ಹೇಳಿದೆಯಾ ಎಂದು ಹಿಂದೆ ಹೋಗಿ ನೋಡಬೇಕು.

ಬರೆಯದೇ ಹೇಳಿದ್ದನ್ನು ಹಿಡಿಯುವುದು

ಇನ್ಫರೆನ್ಸ್ ಪ್ರಶ್ನೆಗಳು ಎಲ್ಲರಿಗೂ ತಲೆನೋವು. ಬರಹದಲ್ಲಿ ನೇರವಾಗಿ ಇಲ್ಲದ, ಆದರೆ ಬರಹದಿಂದಲೇ ತಿಳಿಯುವ ಮಾತು ಅದು. ನೀವು ದಿನಾ ಇದನ್ನು ಮಾಡುತ್ತಲೇ ಇರುತ್ತೀರಿ. ಮನೆಗೆ ಬರುತ್ತಿದ್ದಂತೆ ಬಾಗಿಲ ಮುಂದೆ ನಾಲ್ಕು ಜೊತೆ ಬೇರೆ ಚಪ್ಪಲಿ ಕಂಡರೆ ಯಾರೋ ಬಂದಿದ್ದಾರೆ ಎಂದು ಗೊತ್ತಾಗುತ್ತದೆ. ಯಾರೂ ಹೇಳಬೇಕಿಲ್ಲ. ಅದರಲ್ಲಿ ಒಂದು ಜೊತೆ ಚಿಕ್ಕದಿದ್ದರೆ ಮಗುವೂ ಬಂದಿದೆ ಅನ್ನಬಹುದು. ಆದರೆ ಚಪ್ಪಲಿ ನೋಡಿ "ಮದುವೆಗೆ ಕರೆಯಲು ಬಂದಿದ್ದಾರೆ" ಅಂದರೆ? ಅದು ಊಹೆ. ಕಣ್ಣಿಗೆ ಬಿದ್ದದ್ದು ಅಷ್ಟು ದೂರ ಕರೆದೊಯ್ಯುವುದಿಲ್ಲ.

ಗ್ರಂಥಾಲಯದ ಪ್ಯಾಸೇಜ್‌ಗೇ ಬನ್ನಿ. "ಪುಸ್ತಕ ವಾಪಸ್ ಬರದಿರಲು ಕೆಲವು ಸಲ ದಂಡವೇ ಕಾರಣವಾಗಿತ್ತು." ಈ ವಾಕ್ಯ ಅಲ್ಲಿ ಎಲ್ಲೂ ಇಲ್ಲ. ಆದರೆ ದಂಡಕ್ಕೆ ಹೆದರಿ ದೂರ ಉಳಿದವರು, ಅದು ನಿಂತ ಮೇಲೆ ಪುಸ್ತಕ ಹಿಡಿದು ಬಂದರು ಎಂದಿದೆ. ಆ ಸಾಲು ಇದಕ್ಕೆ ಆಧಾರ. ಹಾಗಾಗಿ ಇದು ಸರಿಯಾದ ಇನ್ಫರೆನ್ಸ್. "ಗ್ರಂಥಾಲಯಕ್ಕೆ ಈಗ ಮೊದಲಿಗಿಂತ ಲಾಭ" ಅಂದರೆ ತಪ್ಪು. ಸಮಯ ಉಳಿದಿದೆ ಎಂದು ಬರೆದಿದ್ದಾರೆ, ಹಣದ ಲೆಕ್ಕ ಎಲ್ಲೂ ಕೊಟ್ಟಿಲ್ಲ.

ಅಭ್ಯಾಸ ಮಾಡುವಾಗ ಇದೊಂದು ಕಟ್ಟುನಿಟ್ಟು ಇರಲಿ: ಯಾವ ಉತ್ತರ ಆರಿಸಿದರೂ ಅದಕ್ಕೆ ಆಧಾರವಾದ ಸಾಲಿನ ಮೇಲೆ ಬೆರಳಿಡಿ. ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ನಿಮ್ಮ ತಲೆಯಿಂದ ಬಂದದ್ದು. ಬದುಕಿನ ಅನುಭವ ಜಾಸ್ತಿ ಇರುವವರು ಎಡವುವುದು ಹೆಚ್ಚಾಗಿ ಇಲ್ಲೇ. ಲೋಕ ಹೇಗೆ ನಡೆಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಪರೀಕ್ಷೆ ಕೇಳುವುದು ಈ ಬರಹ ಏನು ಹೇಳುತ್ತದೆ ಎಂದು ಮಾತ್ರ.

ಆಧಾರ ಗಟ್ಟಿಯಾಗಿದೆಯೇ?

2014ರ ನಂತರದ ಜಿಇಡಿಯಲ್ಲಿ ಇದಕ್ಕೆ ತುಂಬಾ ತೂಕ ಇದೆ. ಬರೆದವರು ಒಂದು ಮಾತು ಹೇಳುತ್ತಾರೆ, ಅದಕ್ಕೆ ಕಾರಣ ಕೊಡುತ್ತಾರೆ. ಆ ಕಾರಣ ಮಾತಿಗೆ ನಿಜವಾಗಿಯೂ ಆಸರೆಯಾಗುತ್ತದೆಯೇ ಎಂದು ನೀವು ಅಳೆಯಬೇಕು.

ಮಕ್ಕಳ ವಿಭಾಗ ತುಂಬಿರುತ್ತದೆ ಎಂಬ ಸಾಲನ್ನು ಇನ್ನೊಮ್ಮೆ ನೋಡಿ. ದಂಡ ನಿಲ್ಲಿಸಿದ್ದರಿಂದಲೇ ತುಂಬಿತೇ? ಹೊಸ ಕಂಪ್ಯೂಟರ್ ತಂದಿರಬಹುದು, ಹತ್ತಿರ ಹೊಸ ಶಾಲೆ ಶುರುವಾಗಿರಬಹುದು. ಮೊದಲು ಎಷ್ಟು ಮಕ್ಕಳು ಬರುತ್ತಿದ್ದರು ಎಂದೂ ಹೇಳಿಲ್ಲ. ಎರಡು ಸಂಗತಿ ಅಕ್ಕಪಕ್ಕ ಕೂತಿವೆ ಅಷ್ಟೇ, ಒಂದರಿಂದ ಇನ್ನೊಂದು ಆಯಿತು ಎಂಬುದಕ್ಕೆ ಆಧಾರ ಇಲ್ಲ. ಹಳೆಯ ಪುಸ್ತಕ ಹಿಡಿದು ಬಂದವರ ಸಾಲು ಇದಕ್ಕಿಂತ ಗಟ್ಟಿ. ಅವರು ದೂರ ಇದ್ದದ್ದು ಯಾಕೆ ಎಂದು ಅಲ್ಲಿ ಹೇಳಿದೆ. ಅದರಲ್ಲೂ ಎಷ್ಟು ಜನ ಎಂಬ ಲೆಕ್ಕ ಇದ್ದಿದ್ದರೆ ಇನ್ನೂ ಗಟ್ಟಿಯಾಗುತ್ತಿತ್ತು.

45 ನಿಮಿಷದ ಬರವಣಿಗೆಗೆ ಬೇಕಾದದ್ದೂ ಇದೇ ಕಣ್ಣು. ಒಂದೇ ವಿಷಯದ ಮೇಲೆ ಎದುರುಬದುರಾದ ಎರಡು ವಾದಗಳನ್ನು ಕೊಡುತ್ತಾರೆ. ಯಾವುದು ನಿಮಗೆ ಇಷ್ಟ ಎಂದು ಕೇಳುವುದಿಲ್ಲ. ಯಾವ ವಾದಕ್ಕೆ ಆಧಾರ ಗಟ್ಟಿಯಾಗಿದೆ, ಅದನ್ನು ಬರಹದಿಂದಲೇ ತೋರಿಸಿ ಎನ್ನುತ್ತಾರೆ. ನಿಮ್ಮ ಅಭಿಪ್ರಾಯ ಎಷ್ಟೇ ಚೆನ್ನಾಗಿದ್ದರೂ, ಬರಹದಿಂದ ಆಧಾರ ತೋರಿಸದಿದ್ದರೆ ಅಂಕ ಬರುವುದಿಲ್ಲ. ಅಂಕ ಕೊಡುವಾಗ ನೋಡುವುದು ಮೂರು ಸಂಗತಿ: ವಾದವನ್ನು ಅಳೆದು ಆಧಾರ ಬಳಸಿದ ಬಗೆ, ವಿಚಾರಗಳನ್ನು ಒಂದರ ನಂತರ ಒಂದು ಜೋಡಿಸಿದ ಕ್ರಮ, ಇಂಗ್ಲಿಷ್‌ನ ಸ್ಪಷ್ಟತೆ.

ಗೊತ್ತಿಲ್ಲದ ಪದ ಬಂದರೆ?

ಬರುತ್ತದೆ. ಎಲ್ಲರಿಗೂ ಬರುತ್ತದೆ. ಅಲ್ಲೇ ನಿಂತುಬಿಟ್ಟರೆ ಸಮಯ ಹೋಗುತ್ತದೆ, ಓದಿದ್ದೂ ಕೈಜಾರುತ್ತದೆ. ವಾಕ್ಯ ಮುಗಿಸಿ, ಮುಂದಿನ ವಾಕ್ಯವನ್ನೂ ಓದಿ. ಎಷ್ಟೋ ಪದಗಳ ಸುಳಿವು ಅಕ್ಕಪಕ್ಕದಲ್ಲೇ ಸಿಗುತ್ತದೆ.

ಇದಕ್ಕಿಂತ ಹುಷಾರಾಗಿರಬೇಕಾದದ್ದು ಗೊತ್ತಿರುವ ಪದಗಳ ಬಗ್ಗೆ. ಚಾರ್ಜ್ ಅಂದರೆ ನಮಗೆ ಮೊದಲು ನೆನಪಾಗುವುದು ಫೋನು. ಅದೇ ಪದಕ್ಕೆ ಬೆಲೆ ಎಂದೂ ಅರ್ಥ, ಕೋರ್ಟಿನ ಆರೋಪ ಎಂದೂ ಅರ್ಥ, ಜವಾಬ್ದಾರಿ ಎಂದೂ ಅರ್ಥ. ಪರೀಕ್ಷೆಯಲ್ಲಿ ಪದದ ಅರ್ಥ ಕೇಳುವುದು "ಈ ಸಾಲಿನಲ್ಲಿ" ಎಂಬ ಷರತ್ತಿನ ಮೇಲೆ. ಪ್ರತಿ ಆಪ್ಷನ್ ಅನ್ನೂ ಆ ಪದದ ಜಾಗದಲ್ಲಿ ಇಟ್ಟು ವಾಕ್ಯ ಓದಿ. ಎಲ್ಲಿ ಅರ್ಥ ಕೂಡುತ್ತದೋ ಅದೇ ಉತ್ತರ.

ದಾರಿ ತಿರುಗಿಸುವ ಚಿಕ್ಕ ಪದಗಳನ್ನು ಮಾತ್ರ ಕಲಿತೇ ಹೋಗಬೇಕು. ಹೌಎವರ್, ಆಲ್ದೋ, ಅನ್‌ಲೆಸ್, ದೇರ್‌ಫೋರ್, ಡಿಸ್ಪೈಟ್, ಇಂಥವು. ಹೌಎವರ್ ಕಂಡರೆ ಮಾತು ಉಲ್ಟಾ ತಿರುಗುತ್ತಿದೆ ಎಂದು ಅರ್ಥ, ಎಷ್ಟೋ ಸಲ ಬರೆದವರ ಅಸಲು ಮಾತು ಅದರ ನಂತರವೇ ಬರುತ್ತದೆ. ಕನ್ನಡದಲ್ಲಿ "ಮಳೆ ಬಂದರೂ", "ದುಡ್ಡು ಕಟ್ಟದಿದ್ದರೆ" ಎಂದು ಷರತ್ತು ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ಇಂಗ್ಲಿಷ್‌ನಲ್ಲಿ ಅದು ವಾಕ್ಯಭಾಗದ ತಲೆಯಲ್ಲೇ ಕೂತಿರುತ್ತದೆ. ಕನ್ನಡ ಓದಿ ಬೆಳೆದ ಕಣ್ಣು ಅದನ್ನು ಸುಮ್ನೆ ದಾಟಿ ಹೋಗುತ್ತದೆ. ಒಂದು ಅನ್‌ಲೆಸ್ ತಪ್ಪಿದರೆ ಇಡೀ ವಾಕ್ಯ ತಲೆಕೆಳಗು. ಅಭ್ಯಾಸದ ಹಾಳೆಯಲ್ಲಿ ಇವುಗಳಿಗೆ ಮಾತ್ರ ಪೆನ್ಸಿಲಿನಿಂದ ಸುತ್ತು ಹಾಕುತ್ತಾ ಹೋಗಿ, ಆಮೇಲೆ ತಾನಾಗಿಯೇ ಕಣ್ಣಿಗೆ ಬೀಳುತ್ತವೆ.

ದಿನದ ಅಭ್ಯಾಸ

ಒಂದೇ ದಿನ ಹತ್ತು ಪ್ಯಾಸೇಜ್ ಓದಿ ಉತ್ತರ ಗುರುತು ಮಾಡಿ ಮುಗಿಸುವುದಕ್ಕಿಂತ, ಒಂದೇ ಪ್ಯಾಸೇಜ್ ಅನ್ನು ಪೂರ್ತಿ ಬಿಚ್ಚಿ ನೋಡುವುದು ಹೆಚ್ಚು ಉಪಯೋಗ.

ಮೊದಲು ಪ್ಯಾಸೇಜ್ ಓದಿ. ಪ್ರತಿ ಪ್ಯಾರಾ ಮುಗಿದ ಮೇಲೆ ಅದರಲ್ಲಿ ಏನಿತ್ತು ಎಂದು ಒಂದು ಸಾಲು ಬರೆಯಿರಿ. ಶುರುವಿನಲ್ಲಿ ಕನ್ನಡದಲ್ಲೇ ಬರೆಯಿರಿ, ತಪ್ಪೇನಿಲ್ಲ. ಅರ್ಥವಾಗಿದೆಯೋ ಇಲ್ಲವೋ ಎಂಬುದಕ್ಕೆ ನಿಮ್ಮ ಭಾಷೆಯಲ್ಲಿ ಹೇಳಿಕೊಳ್ಳುವುದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಆದರೆ ಪದಕ್ಕೆ ಪದ ಅನುವಾದ ಮಾಡಲು ಕೂರಬೇಡಿ, ಅದು ಬೇರೆಯೇ ಕೆಲಸ. ಸ್ವಲ್ಪ ದಿನದ ಮೇಲೆ ಆ ಒಂದು ಸಾಲನ್ನು ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳಿ.

ಆಮೇಲೆ ಪ್ರಶ್ನೆ ಓದಿ, ಆಪ್ಷನ್‌ಗಳನ್ನು ಕೈಯಿಂದ ಮುಚ್ಚಿ. ಉತ್ತರವನ್ನು ನಿಮ್ಮ ಮಾತಿನಲ್ಲಿ ಹೇಳಿಕೊಂಡು ಆಮೇಲೆ ಕೈ ತೆಗೆಯಿರಿ. ಹೀಗೆ ಮಾಡಿದರೆ ಚೆಂದ ಕಾಣುವ ತಪ್ಪು ಆಪ್ಷನ್ ನಿಮ್ಮನ್ನು ಸೆಳೆಯುವುದು ಕಡಿಮೆಯಾಗುತ್ತದೆ.

ಕೊನೆಯ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬೆಳೆಯುವುದು ಅದರಿಂದಲೇ. ತಪ್ಪಾದ ಪ್ರತಿ ಪ್ರಶ್ನೆಗೂ ಕಾರಣ ಬರೆದಿಡಿ. ಪದ ಗೊತ್ತಿರಲಿಲ್ಲವೇ? ಪ್ರಶ್ನೆಯಲ್ಲಿದ್ದ "ಅಲ್ಲ" ಕಣ್ಣು ತಪ್ಪಿತೇ? ಆಧಾರದ ಸಾಲು ಇಲ್ಲದೆ ಊಹಿಸಿದಿರಾ? ಎರಡು ವಾರದ ಪಟ್ಟಿ ನೋಡಿದರೆ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಅದಕ್ಕೆ ಮದ್ದು ಮಾಡಿ.

ಗಡಿಯಾರ ಈಗಲೇ ಬೇಡ. ಸರಿ ಉತ್ತರ ಬರುವುದು ರೂಢಿಯಾದ ಮೇಲೆ ಸಮಯ ಹಿಡಿದು ಓದಿ. ಕಾಗದಕ್ಕಿಂತ ಪರದೆಯ ಮೇಲೆ ಓದುವುದನ್ನೂ ರೂಢಿಸಿಕೊಳ್ಳಿ. ಪರೀಕ್ಷೆಯಲ್ಲಿ ಒಂದು ಬದಿಗೆ ಪ್ಯಾಸೇಜ್, ಇನ್ನೊಂದು ಬದಿಗೆ ಪ್ರಶ್ನೆ ಇರುತ್ತದೆ. ಬೇಕಾದ ಸಾಲಿಗೆ ಬಣ್ಣ ಹಚ್ಚಬಹುದು, ಗೊತ್ತಾಗದ ಪ್ರಶ್ನೆಗೆ ಗುರುತಿಟ್ಟು ಆಮೇಲೆ ಬರಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ.

ಓದಲು ಸಾಮಗ್ರಿ ಮನೆಯಲ್ಲೇ ಇದೆ. ಮಕ್ಕಳ ಶಾಲೆಯಿಂದ ಬರುವ ಪತ್ರ, ಬಾಡಿಗೆ ಒಪ್ಪಂದ, ಔಷಧಿಯ ಜೊತೆ ಬರುವ ಚೀಟಿ, ಊರಿನ ಪತ್ರಿಕೆಯ ಓದುಗರ ಓಲೆ. ಈ ಓದುಗರ ಓಲೆ ವಾದ ಅಳೆಯಲು ಬಹಳ ಒಳ್ಳೆಯದು. ಇವರ ಮಾತೇನು, ಕೊಟ್ಟ ಕಾರಣ ಏನು, ಅದು ಸಾಕೇ ಎಂದು ಕೇಳಿಕೊಳ್ಳುತ್ತಾ ಓದಿ. ಕಥೆಗೆ ಮಾತ್ರ ಬೇರೆ ಅಭ್ಯಾಸ ಬೇಕು. ಅಲ್ಲಿ ಪಾತ್ರ ಯಾಕೆ ಹಾಗೆ ಮಾಡಿತು, ಮಾತಿನ ಧಾಟಿ ಸಿಟ್ಟಿನದೋ ದುಃಖದ್ದೋ ಎಂದು ಕೇಳುತ್ತಾರೆ. ಗ್ರಂಥಾಲಯದಿಂದ ಸಣ್ಣ ಕಥೆಗಳನ್ನು ತಂದು ಓದಿ.

ಒಬ್ಬರೇ ಕೂತು ಓದುವುದು ಕಷ್ಟ ಅನ್ನಿಸಿದರೆ ವಯಸ್ಕರ ಶಿಕ್ಷಣ ಕೇಂದ್ರಗಳು, ಕಮ್ಯುನಿಟಿ ಕಾಲೇಜುಗಳು, ಸಾರ್ವಜನಿಕ ಗ್ರಂಥಾಲಯಗಳಲ್ಲಿ ವಿಚಾರಿಸಿ. ಅನೇಕ ಕಡೆ ಜಿಇಡಿ ತರಗತಿ ಉಚಿತವಾಗಿ ಇರುತ್ತದೆ. ಇಂಗ್ಲಿಷ್ ಇನ್ನೂ ಗಟ್ಟಿಯಾಗದವರಿಗೆ ಮೊದಲು ಭಾಷೆಯ ತರಗತಿಯೇ ಸಿಗುತ್ತದೆ. ಅಲ್ಲಿ ಒಂದಷ್ಟು ತಿಂಗಳು ಕಳೆಯುವುದು ಹಿಂದೆ ಬಿದ್ದಂತೆ ಅಲ್ಲ.

ಸಿದ್ಧವಾಗಿದ್ದೇನೆ ಎಂದು ತಿಳಿಯುವುದು ಹೇಗೆ?

ಜಿಇಡಿ ನಡೆಸುವವರೇ ಜಿಇಡಿ ರೆಡಿ ಎಂಬ ಅಭ್ಯಾಸ ಪರೀಕ್ಷೆ ಇಟ್ಟಿದ್ದಾರೆ. ಅಸಲಿ ಪರೀಕ್ಷೆಗಿಂತ ಚಿಕ್ಕದು, ಪ್ರಶ್ನೆಗಳ ಧಾಟಿ ಅದೇ. ಫಲಿತಾಂಶ ಮೂರು ಬಣ್ಣದಲ್ಲಿ ಬರುತ್ತದೆ. ಹಸಿರು ಬಂದರೆ ಪಾಸಾಗುವ ಸಾಧ್ಯತೆ ಚೆನ್ನಾಗಿದೆ, ಹಳದಿ ಅಂದರೆ ಅಂಚಿನಲ್ಲಿದ್ದೀರಿ, ಕೆಂಪು ಅಂದರೆ ಇನ್ನೂ ಓದಬೇಕು. ಮನೆಯಿಂದಲೇ ಆನ್‌ಲೈನ್‌ನಲ್ಲಿ ಅಸಲಿ ಪರೀಕ್ಷೆ ಬರೆಯಬೇಕಾದರೆ ಇದರಲ್ಲಿ ಹಸಿರು ಬಂದಿರಲೇಬೇಕು.

ಹಳದಿ ಬಂದವರು ದುಡ್ಡು ಕಟ್ಟಿ ಅದೃಷ್ಟ ನೋಡಲು ಹೋಗುವ ಬದಲು ಫಲಿತಾಂಶದ ವರದಿ ತೆರೆದು ನೋಡಿ. ಯಾವ ಕೌಶಲ ಕಡಿಮೆ ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ತಪ್ಪುಗಳ ಪಟ್ಟಿಯನ್ನು ಅದರ ಪಕ್ಕ ಇಟ್ಟು, ಎರಡರಲ್ಲೂ ಇರುವುದನ್ನು ಮೊದಲು ಹಿಡಿಯಿರಿ. ಮುಂದಿನ ಕೆಲವು ವಾರ ಆ ಬಗೆಯ ಪ್ರಶ್ನೆಗಳನ್ನೇ ಬಿಡಿಸಿ, ಆಮೇಲೆ ಇನ್ನೊಮ್ಮೆ ಜಿಇಡಿ ರೆಡಿ ಬರೆಯಿರಿ.